ಬಾಯ್ಲರ್ ಹಿಂದಿನ ಹಗ್ಗ

ಬೀದಿಯ ಅಂಗಿಗಳಿಗೆಲ್ಲ ಬಿಸಿಲು ಕಾಣಿಸುವ ಮನೆ ಅದು. ಕೆಳಗೆ ಲಾಂಡ್ರಿ, ಮೇಲೆ ವಾಸ, ಅದರ ಮೇಲೆ ತಾರಸಿ. ಮಾವ ಬಟ್ಟೆ ನೆನೆಹಾಕುತ್ತಿದ್ದರು, ಮಗ ಹಿಂಡಿ ತಾರಸಿಗೆ ಹೊರುತ್ತಿದ್ದ, ಅತ್ತೆ ಕಲೆ ತೆಗೆಯುತ್ತಿದ್ದರು, ಸೊಸೆ ಇಸ್ತ್ರಿ ಮಾಡುತ್ತಿದ್ದಳು. ಅವಳ ಕೈಯಲ್ಲಿ ಇಸ್ತ್ರಿಯಾದ ಕಾಲರು ಸಂಜೆಯವರೆಗೂ ತಲೆ ಬಾಗಿಸುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು. ಅವಳಿಗೂ ಸ್ವಲ್ಪ ಜಂಬವಿತ್ತು. ಇರಲಿ ಬಿಡಿ, ಕೆಲಸ ಬಲ್ಲವರಿಗೆ ಅಷ್ಟು ಇರಬೇಕು.

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಹಾಗಿತ್ತು ಅಲ್ಲಿಯ ಕಥೆ. ಅಷ್ಟು ಅಗಲದ ತಾರಸಿಯಲ್ಲಿ ಮನೆಯ ಹೆಂಗಸರ ಒಳಬಟ್ಟೆಗೆ ಮಾತ್ರ ಒಂದು ಗೇಣು ಜಾಗವಿರಲಿಲ್ಲ. ಅವು ಒಣಗಬೇಕಾದದ್ದು ಕೆಳಗೆ ನೀರು ಕಾಯಿಸುವ ಬಾಯ್ಲರಿನ ಹಿಂದೆ, ಗಾಳಿಯಾಡದ ಸಂದಿಯ ಹಗ್ಗದಲ್ಲಿ, ಅದೂ ಮೇಲೊಂದು ಟವೆಲು ಹೊದ್ದುಕೊಂಡು. ಗಂಡಸರ ಕಣ್ಣಿಗೆ ಬಿದ್ದರೆ ಮರ್ಯಾದೆ ಹೋದೀತು ಎಂದು ಅತ್ತೆಯ ಅತ್ತೆ ಮಾಡಿದ ಕಟ್ಟಳೆ. ಹಗಲೆಲ್ಲ ಹಬೆ ಕುಡಿದ ಬಟ್ಟೆ ಮರುದಿನವೂ ತೇವವಾಗಿಯೇ ಇರುತ್ತಿತ್ತು. ಹಾಕಿಕೋ, ಮೈ ಬಿಸಿಗೆ ಒಣಗುತ್ತದೆ ಎಂದು ಅತ್ತೆ ಸೊಸೆಗೆ ಕಲಿಸಿದ್ದರು.

ಆ ಬೇಸಿಗೆಯಲ್ಲಿ ಸೊಸೆ ಹಲ್ಲುನೋವಿಗೆಂದು ಆಂಟಿಬಯೋಟಿಕ್ ಮಾತ್ರೆ ನುಂಗಿದಳು. ಹಲ್ಲು ಸುಮ್ಮನಾಯಿತು, ಕೆಳಗೆ ನವೆ ಶುರುವಾಯಿತು. ಒಡೆದ ಮೊಸರಿನಂಥ ಬಿಳಿ ಸ್ರಾವ, ಜೊತೆಗೆ ಉರಿ. ಇಸ್ತ್ರಿ ಮೇಜಿನ ಮುಂದೆ ಕಾಲು ಬದಲಿಸಿ ಬದಲಿಸಿ ನಿಂತಳು. ಗಂಡನಿಗೆ ಹೇಳಲು ನಾಚಿಕೆ, ಹೇಳದೆ ಇರಲಾಗದು. ಕೊನೆಗೆ ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದಳು.

ಅತ್ತೆ ಕೆಟ್ಟವರಲ್ಲ. ಆದರೆ ಕಲೆ ತೆಗೆಯುವುದರಲ್ಲೇ ಕೈ ಸವೆಸಿದವರಿಗೆ ಲೋಕದ ತೊಂದರೆಗಳೆಲ್ಲ ಕೊಳೆಯಾಗಿಯೇ ಕಾಣುತ್ತವೆ. ನೀಟಾಗಿ ತೊಳೆದುಕೊಂಡಿಲ್ಲ, ಅದಕ್ಕೇ ಎಂದು ತೀರ್ಪು ಕೊಟ್ಟು, ಹೋಟೆಲಿನ ಹಾಸುಬಟ್ಟೆಗೆ ಹಾಕುವ ಸೋಪಿನ ಪುಡಿಯನ್ನೇ ನೀರಿಗೆ ಕದಡಿ ಕೊಟ್ಟರು. ಒಳಗೂ ಹೊರಗೂ ತೊಳಿ ಎಂದರು. ತೊಳೆದಳು, ಉರಿ ಹೊತ್ತಿಕೊಂಡಿತು. ಇನ್ನೂ ತೊಳಿ ಎಂದರು. ಬಾತು ಕೆಂಪಾಗಿ, ಮೂತ್ರಕ್ಕೆ ಕೂತರೆ ಕಣ್ಣಲ್ಲಿ ನೀರು ಬರುವಂತಾಯಿತು. ಆಗ ಅತ್ತೆಗೆ ದಿಗಿಲು ಹತ್ತಿತು. ನಮ್ಮ ಸೋಪಿಗೂ ಹೋಗದ ಕೊಳೆ ಅಂದರೆ ಎಲ್ಲಿಂದಲೋ ಅಂಟಿಸಿಕೊಂಡು ಬಂದದ್ದೇ ಇರಬೇಕು ಎಂದುಬಿಟ್ಟರು. ಇನ್ನು ಗಿರಾಕಿಗಳ ಬಟ್ಟೆ ಮುಟ್ಟಬೇಡ, ಇಸ್ತ್ರಿ ಮೇಜಿನ ಹತ್ತಿರ ಬರಬೇಡ ಎಂದು ಅಪ್ಪಣೆಯಾಯಿತು.

ನವೆಗಿಂತ ಆ ಮಾತು ಹೆಚ್ಚು ಉರಿಸಿತು. ಮೇಜು ಕಿತ್ತುಕೊಂಡರೆ ಈ ಮನೆಯಲ್ಲಿ ತಾನು ಯಾರು ಎಂದು ಸೊಸೆ ಅತ್ತಳು. ಅತ್ತು ಮುಗಿಸಿ, ಮುಖ ತೊಳೆದು, ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಕಕ್ಕಾಬಿಕ್ಕಿಯಾಗಿ ತಲೆ ಕೆರೆದುಕೊಂಡ. ಆಮೇಲೆ, ಹಲ್ಲಿಗೆ ಡಾಕ್ಟರ ಹತ್ತಿರ ಹೋದವಳು ಇದಕ್ಕೆ ಯಾಕೆ ಹೋಗಬಾರದು ಎಂದ. ಗಂಡಸರ ಬಾಯಲ್ಲೂ ಒಮ್ಮೊಮ್ಮೆ ಒಳ್ಳೆ ಮಾತು ಬರುತ್ತದೆ. ವಿಷಯ ಏನೆಂದು ಕಿವಿಯಾರೆ ಕೇಳಬೇಕಲ್ಲ, ಅತ್ತೆಯೂ ಜೊತೆಗೆ ಹೊರಟರು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದು ಯೀಸ್ಟ್ ಎಂಬ ಶಿಲೀಂಧ್ರದ ಸೋಂಕು ಎಂದರು. ಅದು ಆರೋಗ್ಯವಂತರ ಮೈಯಲ್ಲೂ ಇರುತ್ತದಂತೆ. ಅದನ್ನು ಹದ್ದುಬಸ್ತಿನಲ್ಲಿಡುವ ಒಳ್ಳೆಯ ಜೀವಾಣುಗಳು ಆಂಟಿಬಯೋಟಿಕ್‌ಗೆ ಸಿಕ್ಕಿ ಸತ್ತರೆ ಅದಕ್ಕೆ ಹೇಳುವವರು ಕೇಳುವವರು ಇಲ್ಲ. ಒದ್ದೆ ಬಟ್ಟೆ ಸಿಕ್ಕಿದರಂತೂ ಬೆಳೆದದ್ದೇ ಬೆಳೆದದ್ದು.

"ಹಾಗಾದ್ರೆ ಎಲ್ಲಿಂದಲೋ ಅಂಟಿಸ್ಕೊಂಡಿದ್ದು ಅಲ್ಲ ಅಂತೀರಾ?" ಎಂದರು ಅತ್ತೆ.

"ಅಲ್ಲಮ್ಮ. ನಡತೆಗೂ ಇದಕ್ಕೂ ಸಂಬಂಧ ಇಲ್ಲ. ಕೊಳೆನೂ ಅಲ್ಲ. ನೀವು ತೊಳೆಸಿದ್ದೇ ಜಾಸ್ತಿ ಆಯ್ತು."

ಅತ್ತೆಗೆ ಮುಖಭಂಗವಾಯಿತು. ತೊಳೆಯುವುದು ಜಾಸ್ತಿಯಾಗುವುದೂ ಉಂಟೇ ಎಂದು ವಾದಕ್ಕೇ ಇಳಿದರು. ಆಗ ಸೊಸೆ ಬಾಯಿಬಿಟ್ಟಳು.

"ಅತ್ತೆ, ರೇಷ್ಮೆಗೆ ಬ್ಲೀಚ್ ಹಾಕ್ತೀರಾ?"

"ಹಾಕಿದ್ರೆ ಬಟ್ಟೆ ಉಳಿಯುತ್ತೇನೇ?"

"ನಾನೂ ಉಳೀಬೇಕಲ್ಲ ಅತ್ತೆ."

ಡಾಕ್ಟರಮ್ಮ ಔಷಧಿ ಬರೆದುಕೊಟ್ಟು, ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ, ಹೊರಗೆ ಬರೀ ನೀರು ಸಾಕು, ಸೋಪು ಸೆಂಟು ಏನೂ ಬೇಡ ಎಂದರು. ಸಡಿಲವಾದ ಹತ್ತಿ ಬಟ್ಟೆ, ಅದೂ ಪೂರ್ತಿ ಒಣಗಿದ್ದನ್ನೇ ಹಾಕಬೇಕು. ಎಲ್ಲ ನವೆಯೂ ಇದೇ ಆಗಿರುವುದಿಲ್ಲ, ತಾವಾಗಿ ಔಷಧಿ ತೆಗೆದುಕೊಳ್ಳದೆ ತೋರಿಸಬೇಕು. ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆ ಇದೆಯೇ ಎಂದೂ ನೋಡಬೇಕು.

ವಾರದೊಳಗೆ ನವೆ ಅಡಗಿತು. ಸೊಸೆ ಯಾರನ್ನೂ ಕೇಳದೆ ಇಸ್ತ್ರಿ ಮೇಜಿಗೆ ಮರಳಿದಳು. ಮರುದಿನ ತನ್ನ ಒಳಬಟ್ಟೆಗಳನ್ನು ತಾರಸಿಗೆ ಹೊತ್ತೊಯ್ದು ಬಿಸಿಲಿಗೆ ಹರವಿದಳು. ಅತ್ತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ತೆಗಿ, ಬೀದಿಯವರೆಲ್ಲ ನೋಡುತ್ತಾರೆ ಎಂದರು.

"ತೆಗೆಯಲ್ಲ ಅತ್ತೆ. ಊರ ಗಂಡಸರ ಚಡ್ಡಿಗಳೆಲ್ಲ ನಮ್ಮ ತಾರಸಿ ಮೇಲೆ ಬಾವುಟದ ಹಾಗೆ ಹಾರಾಡ್ತಾವೆ. ಅವಕ್ಕಿಲ್ಲದ ನಾಚಿಕೆ ನನ್ನದಕ್ಕೆ ಯಾಕೆ? ಇನ್ನು ನನ್ನ ಬಟ್ಟೆ ಬಾಯ್ಲರ್ ಹಿಂದೆ ಹೋಗಲ್ಲ."

ಅಷ್ಟರಲ್ಲಿ ಮಗನ ಬದಲು ಮಾವನೇ ಹಾಸುಬಟ್ಟೆಯ ಹೊರೆ ಹೊತ್ತು ಬಂದರು. ಅತ್ತೆ ಹಗ್ಗಕ್ಕೆ ಅಡ್ಡ ನಿಂತರು. ಮಾವ ಒಮ್ಮೆ ನೋಡಿದರು, ಹೋಟೆಲಿನವರದ್ದಕ್ಕೂ ಒಂಚೂರು ಜಾಗ ಬಿಡಮ್ಮ ಎಂದು ಹೊರೆ ಇಳಿಸಿ ಕೆಳಗೆ ಹೋದರು. ಹೋಗಬೇಕಾಗಿದ್ದ ಮರ್ಯಾದೆ ಇದ್ದಲ್ಲೇ ಇತ್ತು.

ಇಷ್ಟು ವರ್ಷ ಈ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ ಎಂದು ಅತ್ತೆ ಶುರುಮಾಡಿದರು. ಮಾತು ಅರ್ಧಕ್ಕೆ ನಿಂತಿತು. ಒದ್ದೆ ಹಾಸುಬಟ್ಟೆಯೊಂದರ ಅಂಚು ಹಿಡಿದು ಕೊಡವಿದರು.

"ಆ ಡಾಕ್ಟರಮ್ಮ ವಯಸ್ಸಾದೋರನ್ನೂ ನೋಡ್ತಾರೇನೇ?"

ಸೊಸೆ ಹಾಸುಬಟ್ಟೆಯ ಇನ್ನೊಂದು ಅಂಚು ಹಿಡಿದಳು. ಎಷ್ಟು ದಿನದಿಂದ ಎಂದು ಮೆಲ್ಲಗೆ ಕೇಳಿದಳು.

"ನಿನ್ನ ಗಂಡ ಹೊಟ್ಟೇಲಿದ್ದಾಗಿಂದ. ಬರುತ್ತೆ, ಹೋಗುತ್ತೆ. ಹೆಂಗಸಾಗಿ ಹುಟ್ಟಿದ್ಮೇಲೆ ಇದ್ದದ್ದೇ ಅಂತ ತೊಳ್ಕೊಂಡು ತೊಳ್ಕೊಂಡು ಸುಮ್ನಿದ್ದೆ ಕಣೇ."

ಸೊಸೆಯ ಕೋಪವೆಲ್ಲ ಇಳಿದುಹೋಯಿತು. ತನಗೆ ಕೊಟ್ಟ ಆ ಸೋಪಿನ ನೀರನ್ನು ಈ ಹೆಂಗಸು ತಾನೂ ಇಷ್ಟು ವರ್ಷ ಸಹಿಸಿದ್ದಳಲ್ಲ ಎನಿಸಿತು. ಕೆಳಗಿಳಿದು ಇಸ್ತ್ರಿಯ ಸ್ವಿಚ್ಚು ಆರಿಸಿದಳು. ಗಿರಾಕಿಗಳು ಬಂದರೆ ಸಂಜೆಗೆ ಬರಲು ಹೇಳಿ ಎಂದು ಗಂಡನಿಗೆ ತಿಳಿಸಿ ತಿರುಗಿದರೆ, ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕಾಯುತ್ತಿದ್ದರು.