ನೀರು ಮುಟ್ಟಿಸದ ಬಟ್ಟೆ

ಬ್ಯಾಗಿನ ಜಿಪ್ಪು ಎಳೆದ ಕೂಡಲೇ ವಾಸನೆ ಮುಖಕ್ಕೆ ಬಡಿಯಿತು. ಹುಳಿತ ಹಾಲು, ಕಮಟು ಹರಳೆಣ್ಣೆ, ಅದನ್ನೆಲ್ಲ ಮುಚ್ಚಲೆಂದು ಯಾರೋ ಒಳಗೆ ಹಾಕಿದ ಕರ್ಪೂರ. ಮೂರೂ ಸೇರಿ ಇನ್ನೊಂದು ಹೊಸ ನಾತವಾಗಿತ್ತು. ಸಂಧ್ಯಾ ಮುಂಗೈಯಿಂದ ಮೂಗು ಒತ್ತಿಕೊಂಡು ಮಂಚದ ಅಂಚಿಗೆ ಸರಿದು ಕೂತಳು. ಒಂಬತ್ತು ತಿಂಗಳ ಹೊಟ್ಟೆ ಹೊತ್ತು ಬಗ್ಗುವಂತಿರಲಿಲ್ಲ, ಬ್ಯಾಗನ್ನೇ ಮಂಚದ ಮೇಲೆ ಎತ್ತಿಟ್ಟುಕೊಂಡಿದ್ದಳು.

ಮಂಗಳವಾರ ಹೆರಿಗೆ ಆಸ್ಪತ್ರೆಗೆಂದು ಆ ಬ್ಯಾಗನ್ನು ತುಂಬಿದ್ದವಳು ಅವಳೇ. ಹುಟ್ಟಿದ ಕೂಸಿಗೆ ಮೊದಲು ಹಳೇ ಬಟ್ಟೆಯನ್ನೇ ಹಾಕಬೇಕು ಎಂಬ ಪದ್ಧತಿಯ ಬಗ್ಗೆ ಅವಳಿಗೇನೂ ತಕರಾರಿರಲಿಲ್ಲ. ಅದಕ್ಕೇ ಮಗಳು ಸಿಂಚನಾ ಹುಟ್ಟಿದಾಗ ಹಾಕಿದ್ದ ಬಟ್ಟೆಗಳನ್ನು ಹೊರತೆಗೆದಿದ್ದಳು. ಹಿಂದೆ ದಾರ ಕಟ್ಟುವ ಏಳು ಅಂಗಿ, ಗುಬ್ಬಿಯಲ್ಲಿರುವ ತನ್ನ ಅಮ್ಮನ ಕಾಟನ್ ಸೀರೆ ಹರಿದು ಹೊಲಿದ ಸುತ್ತುವ ಬಟ್ಟೆಗಳು, ಕಿವಿ ಮುಚ್ಚುವ ಎರಡು ಟೋಪಿ. ಕುದಿಸಿ, ಎರಡು ದಿನ ಟೆರೇಸಿನ ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿ ಜೋಡಿಸಿದ್ದಳು. ಈಗ ಅದರಲ್ಲಿ ಒಂದೂ ಇರಲಿಲ್ಲ. ಬದಲಿಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಒಂದೇ ಒಂದು ಬಟ್ಟೆ. ಒಂದು ಕಾಲಕ್ಕೆ ಬಿಳಿ ಪಂಚೆಯ ತುಂಡಾಗಿದ್ದಿರಬೇಕು. ಈಗ ಅದರ ಮೇಲೆ ಹಳದಿ, ಕಂದು, ಕಪ್ಪು, ಒಂದರ ಮೇಲೊಂದು ಕಲೆ. ಮಡಿಕೆಗಳು ಹಪ್ಪಳದ ಹಾಗೆ ಗಟ್ಟಿಯಾಗಿದ್ದವು.

ಅವಳೇನು ಸುಲಭಕ್ಕೆ ಹೇಸುವ ಹೆಂಗಸಲ್ಲ. ಬಟವಾಡಿ ಬಡಾವಣೆಯ ಲ್ಯಾಬಿನಲ್ಲಿ ದಿನಕ್ಕೆ ಅರವತ್ತು ಜನರ ಉಚ್ಚೆ, ಕಫ, ರಕ್ತ ಮುಟ್ಟಿ, ಕೈ ತೊಳೆದು ಅಲ್ಲೇ ಡಬ್ಬಿ ಊಟ ಮಾಡಿದವಳು. ಆದರೆ ಲ್ಯಾಬಿನ ಪ್ರತಿ ಶೀಶೆಯ ಮೇಲೂ ಒಬ್ಬರ ಹೆಸರಿರುತ್ತದೆ. ಈ ಬಟ್ಟೆಯಲ್ಲಿ ಯಾರು ಯಾರಿದ್ದಾರೋ. ಎರಡು ಬೆರಳಲ್ಲಿ ಕವರಿನ ಕಿವಿ ಹಿಡಿದು ಅಡುಗೆಮನೆಗೆ ಹೋದಳು.

ಅತ್ತೆ ಮಂಜುಳಮ್ಮ ಬಾಣಂತಿ ಖಾರಕ್ಕೆ ಮೆಣಸು ಹುರಿಯುತ್ತಿದ್ದರು. ಹೆರಿಗೆ ನೋಡಿಕೊಳ್ಳಲು ಹದಿನೈದು ದಿನದ ಹಿಂದೆ ಕುಣಿಗಲ್ ಕಡೆಯಿಂದ ಬಂದವರು.

"ಇದೇನತ್ತೆ?"

"ಅದ್ನ ಯಾಕವ್ವ ಈಚೆ ತೆಗ್ದೆ? ಗಾಳಿ ಸೋಕ್ಬಾರ್ದು ಅದ್ಕೆ." ಮಂಜುಳಮ್ಮ ಒಲೆ ಸಣ್ಣಗೆ ಮಾಡಿದರು. "ನಮ್ಮೂರ ಶಕುಂತಲಕ್ಕನ ಮನೇದು. ಅವ್ರ ಮೂರು ಗಂಡುಮಕ್ಳು, ಏಳು ಮೊಮ್ಮಕ್ಳು, ಎಲ್ಲಾ ಹುಟ್ಟಿದ್ ತಕ್ಷಣ ಇದ್ರಲ್ಲೇ ಸುತ್ತಿದ್ದು. ಒಂದೂ ಹೆಣ್ಣಿಲ್ಲ. ಯಡಿಯೂರಲ್ಲಿ ಅವ್ರ ನಾದ್ನಿ ಸೊಸೆಗೂ ಕೊಟ್ಟಿದ್ರು, ಅಲ್ಲೂ ಗಂಡೇ. ಎಷ್ಟಾಯ್ತು? ಹನ್ನೊಂದು. ಮೂವತ್ತೈದು ವರ್ಷದಿಂದ ನೀರು ಮುಟ್ಟಿಸಿಲ್ಲ."

"ತೊಳೆದೇ ಇಲ್ವಾ?"

"ತೊಳುದ್ರೆ ಏನುಳಿಯುತ್ತೆ ಅದ್ರಲ್ಲಿ? ನಮ್ಗೆ ಸಿಗೋದೇ ಕಷ್ಟ ಇತ್ತು. ಮುಂದಿನ್ ತಿಂಗ್ಳು ಸಿರಾದವ್ರು ಕೇಳವ್ರೆ."

ಹನ್ನೊಂದು ಕೂಸುಗಳ ಮೈ ನಂಜು, ಕಕ್ಕಿದ ಹಾಲು, ಮೊದಲ ಕಪ್ಪು ಕಕ್ಕಸು. ಅಷ್ಟನ್ನೂ ಭಾಗ್ಯ ಎಂದು ಮಡಿಸಿಟ್ಟು, ಸರದಿಯ ಮೇಲೆ ಊರೂರಿಗೆ ಕಳಿಸುವ ಜನ. ಸಂಧ್ಯಾ ಕವರನ್ನು ಮೈಯಿಂದ ಇನ್ನಷ್ಟು ದೂರ ಹಿಡಿದಳು.

"ಅತ್ತೆ, ಇದು ಮಗು ಹುಟ್ಟಿದ್ಮೇಲೆ ಸುತ್ತೋದಲ್ವಾ? ಅಷ್ಟೊತ್ತಿಗೆ ಆಗೋದು ಆಗಿರುತ್ತಲ್ಲ."

ಮಂಜುಳಮ್ಮ ಈ ಪ್ರಶ್ನೆಗೆ ತಯಾರಾಗಿಯೇ ಇದ್ದರು. "ಆಸ್ಪತ್ರೆ ಬ್ಯಾಗಲ್ಲಿ ಇದ್ರೆ ಸಾಕು. ಹೊಟ್ಟೆ ಒಳಗಿರೋದ್ಕೆ ಗೊತ್ತಾಗುತ್ತೆ."

"ಸಿಂಚು ಬಟ್ಟೆ ಎಲ್ಲಿ?"

ಅತ್ತೆ ಬಾಣಲೆಯ ಕಡೆ ತಿರುಗಿಕೊಂಡರು. "ಗುರುವಾರ ಪಾತ್ರೆಯೋಳು ಬಂದಿದ್ಲು. ಹಳೇ ಬಟ್ಟೆಗೆ ಒಂದ್ ಟಬ್ ಕೊಟ್ಲು. ಕೂಸು ಮೀಸಕ್ಕೆ ಆಯ್ತದೆ. ಹೆಣ್ಣಿಗೆ ಹಾಕಿದ್ ಬಟ್ಟೆ ಜೊತೇಲಿ ಇದ್ನ ಇಟ್ರೆ, ಇದ್ರ ಶಕ್ತಿ ಏನುಳಿಯುತ್ತೆ ಹೇಳು."

ಬಚ್ಚಲ ಗೋಡೆಗೆ ಒರಗಿದ್ದ ನೀಲಿ ಟಬ್ಬನ್ನು ಸಂಧ್ಯಾ ಮೂರು ದಿನದಿಂದ ನೋಡುತ್ತಲೇ ಇದ್ದಳು. ಗಂಡ ನಾಗೇಶ ತಂದಿದ್ದಾನೆ ಎಂದುಕೊಂಡು ಒಳಗೊಳಗೇ ಖುಷಿಪಟ್ಟಿದ್ದಳು ಕೂಡ. ಆ ಖುಷಿ ನೆನೆದು ಈಗ ತನ್ನ ಮೇಲೇ ರೇಗಿತು.

ನಾಗೇಶ ನಡುಮನೆಯಲ್ಲಿ ಕಾಲು ಚಾಚಿ ಮೊಬೈಲ್ ನೋಡುತ್ತ ಚಿಪ್ಸ್ ತಿನ್ನುತ್ತಿದ್ದ. ಹಿರೇಹಳ್ಳಿಯ ಫ್ಯಾಕ್ಟರಿಗೆ ಭಾನುವಾರ ರಜೆ. ಅವಳು ಕವರನ್ನು ಅವನ ಮುಖದ ಮುಂದೆ ಹಿಡಿದಳು.

"ಇದು ಬಂದಿದ್ದು ನಿಂಗೊತ್ತಿತ್ತಾ?"

ಅವನು ಕವರು ನೋಡಿದ, ಅಡುಗೆಮನೆ ನೋಡಿದ. "ನಾನೇ ತಂದಿದ್ದು ಕಣೇ. ಹೋದ್ ವಾರ ಕುಣಿಗಲ್ಗೆ ಹೋಗಿದ್ನಲ್ಲ, ಆವಾಗ."

"ಬ್ಯಾಂಕ್ ಕೆಲ್ಸ ಅಂದೆ."

"ಬ್ಯಾಂಕ್ಗೂ ಹೋಗಿದ್ದೆ. ಅಮ್ಮನ ಸಮಾಧಾನಕ್ಕೆ ಇರ್ಲಿ ಬಿಡು. ಐದ್ ನಿಮಿಷ ಸುತ್ತಿ ತೆಗೆದ್ಬಿಟ್ರೆ ಆಯ್ತು. ನಿಂಗೇನ್ ಕಷ್ಟ?"

"ನೀನೂ ನಂಬ್ತೀಯಾ?"

"ನಂಬೋದೇನ್ ಬಂತು. ಆದ್ರೆ ಆಗ್ಲಿ ಅಂತ." ಅವನು ಬೆರಳಿಗೆ ಅಂಟಿದ್ದ ಮಸಾಲೆಯನ್ನು ಒಂದೊಂದಾಗಿ ನೆಕ್ಕಿದ.

ಆ ಒದ್ದೆ ಬೆರಳುಗಳನ್ನು ನೋಡುತ್ತ ಸಂಧ್ಯಾಳಿಗೆ ಬಟ್ಟೆಗಿಂತ ಹೆಚ್ಚು ಇವನ ಮೇಲೆಯೇ ಅಸಹ್ಯವಾಯಿತು. ಅತ್ತೆ ನಂಬಿ ಮಾಡಿದ್ದರು. ಇವನು ನಂಬದೆಯೇ ಎಪ್ಪತ್ತು ಕಿಲೋಮೀಟರ್ ಬೈಕ್ ಓಡಿಸಿ, ಈ ಹೊಲಸನ್ನು ಜೋಪಾನವಾಗಿ ತಂದು, ಹೆಂಡತಿಗೆ ಸುಳ್ಳು ಹೇಳಿ, ನೆಮ್ಮದಿಯಾಗಿ ಪಕ್ಕದಲ್ಲಿ ಮಲಗಿದ್ದ. ಇಂಥವನ ಜೊತೆ ಏಳು ವರ್ಷ ಒಂದೇ ಹೊದಿಕೆ ಹೊದ್ದೆನಲ್ಲ ಎನಿಸಿತು.

ಅವಳು ಜಗಳವಾಡಲಿಲ್ಲ. ಬಚ್ಚಲಿಗೆ ಹೋಗಿ ಗೀಸರಿನ ಬಿಸಿನೀರನ್ನು ಬಕೆಟ್ಟಿಗೆ ಬಿಟ್ಟು, ಬ್ಲೀಚಿಂಗ್ ಪುಡಿ ಸುರಿದು, ಬಟ್ಟೆಯನ್ನು ಕವರಿನಿಂದ ಅದರೊಳಕ್ಕೆ ಕೊಡವಿದಳು. ಪೊರಕೆಯ ಹಿಡಿಯಿಂದ ಅದುಮಿದಳು. ಬಟ್ಟೆ ಸ್ವಲ್ಪ ಹೊತ್ತು ಮುಳುಗದೆ ಹಟ ಮಾಡಿತು. ಆಮೇಲೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು.

ಬಾಗಿಲಲ್ಲಿ ಬಂದು ನಿಂತ ಮಂಜುಳಮ್ಮ ಕೂಗಲಿಲ್ಲ, ಬೈಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲ ಮೇಲೆ ಕೂತರು. "ಶಕುಂತಲಕ್ಕಂಗೆ ಯಾವ್ ಮುಖ ತೋರ್ಸ್ಲಿ ನಾನು," ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು, "ನಂಗೂ ಮೊದಲೆರಡು ಹೆಣ್ಣೇ ಆಗಿದ್ವು. ನಮ್ಮತ್ತೆ ನನ್ನ ಎಲ್ಲಿ ಮಲಗುಸ್ತಿದ್ರು ಗೊತ್ತಾ ನಿಂಗೆ?"

ಕೇಳಬಹುದಿತ್ತು. ಸಂಧ್ಯಾ ಕೇಳಲಿಲ್ಲ. ಬಕೆಟ್ಟನ್ನು ಕಾಲಿನಿಂದಲೇ ಓರೆ ಮಾಡಿ ಕೊಳೆನೀರನ್ನು ಮೋರಿಗೆ ಬಿಟ್ಟು, ಇನ್ನೊಂದು ನೀರು ಹಿಡಿದು, ಅತ್ತೆಯನ್ನು ದಾಟಿಕೊಂಡು ಹೊರಬಂದಳು.

ರೂಮಿಗೆ ಬಂದು ಕೂತಾಗ ಎದೆ ಹಗುರಾಗಿತ್ತು. ಹುಟ್ಟುವುದು ಏನೇ ಆಗಲಿ, ಈ ಮನೆಯಲ್ಲಿ ಯಾವ ಮಗುವೂ ಕಡಿಮೆಯಲ್ಲ ಎಂಬ ಮಾತನ್ನು ಬಾಯಿಬಿಡದೆಯೇ ಹೇಳಿ ಮುಗಿಸಿದೆ ಎಂದುಕೊಂಡಳು. ಅಷ್ಟರಲ್ಲಿ ಹೊಟ್ಟೆಯೊಳಗಿಂದ ಪಕ್ಕೆಗೆ ಜೋರಾಗಿ ಒಂದು ಒದೆ ಬಿತ್ತು.

"ಸಿಂಚು, ಬೇಗ ಬಾ. ಪಾಪು ಒದೀತಾ ಐತೆ."

ಐದು ವರ್ಷದ ಸಿಂಚನಾ ಈ ಒಂದು ಕರೆಗೆ ಆಟ, ಊಟ ಏನಿದ್ದರೂ ಬಿಟ್ಟು ಓಡಿಬರುತ್ತಿದ್ದಳು. ಈ ಸಲ ನಿಧಾನವಾಗಿ ಬಂದು ಬಾಗಿಲ ಬಳಿಯೇ ನಿಂತಳು. ಎರಡು ಕೈಯೂ ಬೆನ್ನ ಹಿಂದೆ ಇದ್ದವು. ಮೂರು ದಿನದಿಂದ ಇವಳು ತನ್ನ ಹೊಟ್ಟೆಯ ಹತ್ತಿರ ಸುಳಿದೇ ಇಲ್ಲ ಎಂಬುದು ಸಂಧ್ಯಾಳಿಗೆ ಆಗ ಹೊಳೆಯಿತು.

"ಬಾ, ಕೈ ಇಡು."

"ಬೇಡ."

"ಯಾಕೆ ಬೇಡ?"

"ನಾನ್ ಮುಟ್ಟಿದ್ರೆ ಪಾಪುಗೆ ಹತ್ಕೊಳುತ್ತೆ."

"ಏನು ಹತ್ಕೊಳುತ್ತೆ?"

ಸಿಂಚನಾ ಅಮ್ಮನಿಗೆ ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ ನೋಡಿದಳು. "ಹೆಣ್ಣು," ಎಂದಳು. "ನನ್ ಬಟ್ಟೇಲೂ ಇತ್ತಂತೆ. ಅದ್ಕೇ ಅಜ್ಜಿ ಕೊಟ್ಬಿಟ್ರು. ನಾನೇ ಎತ್ಕೊಂಡೋಗಿ ಪಾತ್ರೆ ಅಜ್ಜಿ ಗಂಟಿಗೆ ಹಾಕ್ದೆ."

ಸಂಧ್ಯಾ ಮಂಚದ ಅಂಚಿಗೆ ಕೈಯೂರಿದಳು. ಏಳಲು ನೋಡಿದಳು, ಸೊಂಟ ಹಿಡಿದುಕೊಂಡಿತು. ಅವಳ ಮುಖದಲ್ಲಿ ಮಗು ಏನು ಕಂಡಳೋ, "ತಾಳು, ಅಳ್ಬೇಡ," ಎಂದು ಓಡಿಹೋದಳು.

ಅಡುಗೆಮನೆಯಲ್ಲಿ ಸ್ಟೂಲ್ ಎಳೆದ ಸದ್ದು ಕೇಳಿತು. ಆಮೇಲೆ ನಲ್ಲಿಯದು. ನಲ್ಲಿ ಬಹಳ ಹೊತ್ತು ಸುರಿಯಿತು. ಸಿಂಚನಾ ವಾಪಸ್ ಬಂದಾಗ ಅಂಗೈಗಳು ಕೆಂಪಗೆ ಕಂದಿದ್ದವು. ಪಾತ್ರೆ ಉಜ್ಜುವ ನಾರು ಗೀರಿದ ಗೆರೆಗಳು ಮಣಿಕಟ್ಟಿನವರೆಗೂ ಎದ್ದಿದ್ದವು.

"ಚೆನ್ನಾಗ್ ಉಜ್ಜಿದೀನಿ. ಈಗ ಹೋಗೈತಾ ನೋಡು."

ಸಂಧ್ಯಾ ಆ ಕೈಗಳೆರಡನ್ನೂ ಹಿಡಿದು ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನ ಕೂಸು ಮತ್ತೆ ಒದೆಯಿತು. ಸಿಂಚನಾ ಉಸಿರು ಬಿಗಿಹಿಡಿದು ನಿಂತಿದ್ದಳು. ಅವಳ ಬೆರಳುಗಳು ಬಿಚ್ಚಲಿಲ್ಲ. ಎರಡು ಪುಟ್ಟ ಮುಷ್ಟಿಗಳು ಒದ್ದೆ ನೈಟಿಯ ಮೇಲೆ ಬಿಗಿಯಾಗಿಯೇ ಉಳಿದವು.