ಹೊಗೆ ಹಾಕುವ ಮುಂಚೆ ಕೂಗಬೇಕು

ಹುಳ ಸಾಕುವ ಕಸುಬಿನಲ್ಲಿ ದೊಡ್ಡಗಂಗಮ್ಮನನ್ನು ಮೀರಿಸುವವರು ಶ್ರೀನಿವಾಸಪುರದ ಸುತ್ತ ಹತ್ತು ಹಳ್ಳಿಯಲ್ಲಿ ಯಾರೂ ಇರಲಿಲ್ಲ. ಇದು ಊರಿನವರ ಹೊಗಳಿಕೆಯಲ್ಲ, ಅವಳೇ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದ ಮಾತು. ಆದರೂ ಸುಳ್ಳಲ್ಲ. ಪಕ್ಕದ ಮನೆಗಳಲ್ಲಿ ಹಾಲುರೋಗ ಬಿದ್ದು ರೇಷ್ಮೆಹುಳ ತಟ್ಟೆಯಲ್ಲೇ ಕೊಳೆತು ನಾರುವಾಗಲೂ ಅವಳ ಹುಳಗಳು ಹಿಪ್ಪುನೇರಳೆ ಸೊಪ್ಪನ್ನು ಜಡಿಮಳೆಯ ಹಾಗೆ ಸದ್ದು ಮಾಡಿಕೊಂಡು ಮೇಯುತ್ತಿದ್ದವು.

ಅದರ ಗುಟ್ಟು ಗಂಧಕದ ಹೊಗೆ. ಹೊಸ ಬೆಳೆಗೆ ಮೊಟ್ಟೆ ತರುವ ಮುಂಚೆ ಖಾಲಿ ಹುಳದ ಮನೆಯನ್ನು ಗುಡಿಸಿ, ಸುಣ್ಣ ಬಳಿದು, ಕಿಟಕಿ, ಗವಾಕ್ಷಿ, ಹೆಂಚಿನ ಸಂದು ಎಲ್ಲಕ್ಕೂ ಗಂಜಿ ಹಾಕಿ ಕಾಗದ ಅಂಟಿಸಬೇಕು, ಅಂಚಿಗೆ ಸಗಣಿ ಮೆತ್ತಬೇಕು. ಒಳಗೆ ಕೆಂಡದ ಮೇಲೆ ಗಂಧಕ ಸುರಿದು ಬಾಗಿಲು ಹಾಕಿ ಮೂರನೇ ದಿನ ತೆಗೆದರೆ ಹಿಂದಿನ ಬೆಳೆಯ ರೋಗವೆಲ್ಲ ಸತ್ತಿರುತ್ತದೆ. ಆದರೆ ಬಾಗಿಲು ಹಾಕುವ ಮುಂಚೆ ಮನೆಯ ಹೆಂಗಸು ಹೊಸಿಲ ಹತ್ತಿರ ನಿಂತು ಮೂರು ಸಲ ಕೂಗಬೇಕು. "ಹಲ್ಲಿ, ಇಲಿ, ಗುಬ್ಬಿ, ಒಳಗೆ ಯಾರಿದ್ರೂ ಹೊರಗೆ ಬನ್ರಪ್ಪೋ, ಹೊಗೆ ಹಾಕ್ತೀವಿ!" ಹುಳವನ್ನು ಬೇಯಿಸಿ ಅನ್ನ ತಿನ್ನುವ ಕಸುಬು ನಮ್ಮದು, ಅದರ ಮೇಲೆ ಇನ್ನೊಂದು ಜೀವದ ಪಾಪ ಬೇಡ ಎಂದು ಹಿರಿಯರು ಮಾಡಿದ ಕಟ್ಟಳೆ. ದೊಡ್ಡಗಂಗಮ್ಮ ಹೊಸದಾಗಿ ಮದುವೆಯಾಗಿ ಬಂದಾಗ ಒಂದೇ ಸಲ ಕೂಗಿ ಸುಮ್ಮನಾದರೆ ಅವಳತ್ತೆ ತಲೆಗೆ ಮೊಟಕುತ್ತಿದ್ದಳು.

ಸಾವಿರದ ಒಂಬೈನೂರ ನಲವತ್ತನಾಲ್ಕನೇ ಇಸವಿ ಅದು. ಎಲ್ಲೋ ದೂರದಲ್ಲಿ ಯುದ್ಧ. ಆಕಾಶದಿಂದ ಸೋಲ್ಜರುಗಳು ಛತ್ರಿ ಹಿಡಿದು ಇಳಿಯುತ್ತಾರಂತೆ, ಆ ಛತ್ರಿಗೆ ನಮ್ಮ ರೇಷ್ಮೆಯೇ ಆಗಬೇಕಂತೆ. ಶ್ರೀನಿವಾಸಪುರದ ಶ್ರೀರಾಮಪ್ಪ ಮಾವಿನ ತೋಪಿನ ಪಕ್ಕದಲ್ಲಿ ಉದ್ದನೆಯ ಷೆಡ್ಡು ಕಟ್ಟಿಸಿ ಇಪ್ಪತ್ತು ಚರಕ ಹಾಕಿಸಿದ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುವ ಕೆಲಸಕ್ಕೆ ನಲವತ್ತು ಹೆಂಗಸರು ಸೇರಿಕೊಂಡರು. ದೊಡ್ಡಗಂಗಮ್ಮ ಗೂಡು ಆರಿಸುವ ಕಡೆ ಮೇಸ್ತ್ರಿಯಾದಳು. ಅವಳ ಒಬ್ಬಳೇ ಮಗಳು ಕದಿರಮ್ಮ, ಹದಿನೇಳು ವರ್ಷದವಳು, ಏಳನೇ ಚರಕದಲ್ಲಿ ಕೂತಳು. ಹುಡುಗಿಯ ಬೆರಳು ಅಂದರೆ ಬೆರಳು! ಬಿಸಿನೀರಿಗೆ ಕೈ ಅದ್ದಿ ಕಣ್ಣಿಗೂ ಕಾಣದ ಎಳೆಯ ತುದಿಯನ್ನು ಹುಡುಕಿ ತೆಗೆಯುತ್ತಿದ್ದಳು. ಆವನಿಯ ಕಡೆ ಗಂಡು ಗೊತ್ತಾಗಿತ್ತು, ವೈಶಾಖಕ್ಕೆ ಮದುವೆ.

ಷೆಡ್ಡಿಗೆ ಆರು ಕಿಟಕಿ. ಆರನ್ನೂ ತೆಗೆದರೆ ತೋಪಿನ ಗಾಳಿ ನುಗ್ಗಿ ಎಳೆ ಹರಿಯುತ್ತದೆ ಎಂದು ಶ್ರೀರಾಮಪ್ಪ ಎರಡನ್ನು ಮಾತ್ರ ತೆಗೆಸುತ್ತಿದ್ದ. ಒಳಗೆ ಹಬೆ, ಬೆಂದ ಹುಳದ ವಾಸನೆ, ಮೊಣಕೈಗೆ ಮೊಣಕೈ ತಾಗುವ ಹಾಗೆ ಕೂತ ಹೆಂಗಸರು. ಪುಷ್ಯಮಾಸದ ಚಳಿಯಲ್ಲಿ ಮೂರನೇ ಚರಕದ ವೆಂಕಟರತ್ನಮ್ಮ ಕೆಮ್ಮೋಕೆ ಶುರು ಮಾಡಿದಳು. ಮಾರನೇ ದಿನ ಮೈ ಸುಡುವ ಜ್ವರ. ಆ ವಾರವೇ ಅಕ್ಕಪಕ್ಕದ ಚರಕದವರು ನಾಲ್ಕು ಜನ ಮಲಗಿದರು.

ಸುದ್ದಿ ಕೇಳಿ ಹೆಲ್ತ್ ಇನ್‌ಸ್ಪೆಕ್ಟರು ಸೈಕಲ್ ಮೇಲೆ ಬಂದರು. ಮೀಸೆ ಇನ್ನೂ ಸರಿಯಾಗಿ ಮೂಡದ ವಯಸ್ಸು, ತಲೆಗೆ ಟೋಪಿ. ಷೆಡ್ಡಿನೊಳಗೆ ಕಾಲಿಟ್ಟವರೇ ಮೂಗಿಗೆ ಕರವಸ್ತ್ರ ಹಿಡಿದರು.

"ಏನ್ರೀ ಇದು! ಇದು ಇನ್‌ಫ್ಲುಯೆಂಜಾ ಜ್ವರ. ಒಬ್ಬರು ಕೆಮ್ಮಿದ್ರೆ ಅದರ ವಿಷ ಗಾಳಿಗೆ ಸೇರುತ್ತೆ, ಆ ಗಾಳೀನೇ ಎಲ್ಲರೂ ಎಳ್ಕೋತಾರೆ. ಆರು ಕಿಟಕೀನೂ ತೆಗೆಸಿ. ಸೂರಿನ ಕೆಳಗೆ ಗೋಡೇಲಿ ಗವಾಕ್ಷಿ ಹೊಡೆಸಿ. ಕೆಟ್ಟ ಗಾಳಿ ಹೊರಗೆ ಹೋಗ್ಬೇಕು, ಹೊಸ ಗಾಳಿ ಬರ್ಬೇಕು. ಹದಿನೈದು ದಿನ ಅರ್ಧ ಚರಕ ತೋಪಿನ ನೆರಳಿಗೆ ಹಾಕ್ಕೊಳ್ಳಿ" ಎಂದರು.

ಶ್ರೀರಾಮಪ್ಪನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು. "ಸ್ವಾಮಿ, ಗಾಳೀಲಿ ಎಳೆ ನಿಲ್ಲುತ್ತಾ? ಸರ್ಕಾರಕ್ಕೆ ಯುದ್ಧದ ಮಾಲು ಕೊಡ್ಬೇಕು ನಾನು" ಎಂದು ಕೈ ಹಿಸುಕಿಕೊಂಡ.

ಆಗ ದೊಡ್ಡಗಂಗಮ್ಮ ಬಾಯಿ ಹಾಕಿದಳು. ಅಯ್ಯೋ, ಆ ಹೊತ್ತಿಗೆ ಅವಳ ನಾಲಿಗೆಯ ಮೇಲೆ ಯಾವ ಶನಿ ಕೂತಿತ್ತೋ!

"ಸಾವ್ಕಾರ್ರೇ, ರೋಗ ಗಾಳೀಲಿ ಇದ್ರೆ ಕಿಟಕಿ ತೆಗೀತಾರಾ ಯಾರಾದ್ರೂ? ಮುಚ್ಚಿ ಹೊಗೆ ಹಾಕ್ಬೇಕು. ಇಪ್ಪತ್ತೈದು ವರ್ಷದಿಂದ ಹುಳದ ಮನೇಲಿ ನಾನು ಮಾಡ್ತಿರೋದು ಅದನ್ನೇ. ಗಂಧಕ ಮನುಷ್ಯರಿಗೆ ಘಾಟು, ಅದರ ಬದಲು ಬೇವಿನಸೊಪ್ಪು, ಸಾಂಬ್ರಾಣಿ, ಬಜೆ ಹಾಕೋಣ. ಹೊಗೆ ಹೊರಗೆ ಹೋಗದ ಹಾಗೆ ಕಾಗದ ಅಂಟಿಸಿಬಿಟ್ರೆ ರೋಗ ಒಳಗೇ ಸಾಯುತ್ತೆ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಶ್ರೀರಾಮಪ್ಪ ಅರಳಿಬಿಟ್ಟ. "ಕೇಳಿದ್ರಾ ಸ್ವಾಮಿ? ನಮ್ಮ ಗಂಗಮ್ಮನ ಕೈ ಅಂದ್ರೆ ಸುತ್ತೂರಿಗೆ ಗೊತ್ತು" ಎಂದ. ಇನ್‌ಸ್ಪೆಕ್ಟರು ಅವಳ ಕಡೆ ತಿರುಗಿ, "ಅಮ್ಮಾ, ಅದು ಖಾಲಿ ಮನೆ, ಇದರಲ್ಲಿ ಜನ ಇದಾರೆ" ಎಂದರು. "ನೀವಿನ್ನೂ ಮಗು ಸ್ವಾಮಿ" ಎಂದು ದೊಡ್ಡಗಂಗಮ್ಮ ನಕ್ಕಳು. ಹೆಂಗಸರೆಲ್ಲ ಗೊಳ್ಳೆಂದರು. ಪಾಪ, ಹುಡುಗ ಕೆಂಪಗಾಗಿ, ಕಾಗದದಲ್ಲಿ ಏನೋ ಬರೆದು ಶ್ರೀರಾಮಪ್ಪನ ಕೈಗೆ ಕೊಟ್ಟು ಸೈಕಲ್ ಹತ್ತಿದರು. ಆ ಕಾಗದವನ್ನು ಮೊದಲನೇ ಕಿಟಕಿಯ ಸಂದಿಗೆ ಅಂಟಿಸಿದರು ಅಂದರೆ ನೀವು ನಂಬಲಿಕ್ಕಿಲ್ಲ. ಅಂಟಿಸಿದವಳು ದೊಡ್ಡಗಂಗಮ್ಮನೇ.

ಒಂದೇ ದಿನದಲ್ಲಿ ಆರು ಕಿಟಕಿಯೂ ಮುಚ್ಚಿದವು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅವಳೇ ಮಡಿಯುಟ್ಟು ಧೂಪದ ಬಾಣಲಿ ಹಿಡಿದು ಸಾಲಿನಿಂದ ಸಾಲಿಗೆ ಓಡಾಡಿದಳು. ಹೊಗೆಯೋ ಹೊಗೆ! ಎದುರಿನ ಚರಕದವರ ಮುಖ ಕಾಣುತ್ತಿರಲಿಲ್ಲ. ಕೆಮ್ಮು ಜಾಸ್ತಿಯಾದರೆ, "ರೋಗ ಬಿಟ್ಟು ಹೋಗ್ತಾ ಇದೆ, ಕೆಮ್ರೇ, ಚೆನ್ನಾಗಿ ಕೆಮ್ರಿ" ಎನ್ನುತ್ತಿದ್ದಳು. ಸಾವುಕಾರನೇ ಎದ್ದುನಿಂತು ದಾರಿ ಬಿಡುತ್ತಿದ್ದ. ಅಂಥ ಮರ್ಯಾದೆ ಅವಳ ಜನ್ಮದಲ್ಲಿ ಯಾರೂ ಕೊಟ್ಟಿರಲಿಲ್ಲ, ಅದೇ ತಲೆಗೆ ಏರಿಬಿಟ್ಟಿತು.

ನಾಲ್ಕನೇ ದಿನ ಕದಿರಮ್ಮ ಗಂಜಿ ಕುಡಿಯುವ ಹೊತ್ತಿನಲ್ಲಿ ಅಂದಳು, "ಅಮ್ಮಾ, ಉಸಿರು ಕಟ್ಟುತ್ತೆ ಕಣಮ್ಮ. ಒಂದು ಕಿಟಕಿ ತೆಗಿ."

"ನಾನೇ ಮುಚ್ಚಿ ನಾನೇ ತೆಗೀಲಾ? ಜನ ನಗಲ್ವೇನೇ?"

"ಹುಳ ಬಿಟ್ಟ ಮೇಲೆ ಹುಳದ ಮನೆ ಕಿಟಕಿ ತೆಗೀತೀಯ. ಗಾಳಿ ಆಡ್ದಿದ್ರೆ ಹುಳ ಸಾಯುತ್ತೆ ಅಂತ ನೀನೇ ಹೇಳ್ತೀಯ. ನಮಗ್ಯಾಕೆ ತೆಗೀಬಾರ್ದು?"

ಉತ್ತರ ಹೊಳೆಯದಿದ್ದರೆ ತಾಯಂದಿರು ಏನು ಮಾಡುತ್ತಾರೋ ದೊಡ್ಡಗಂಗಮ್ಮ ಅದನ್ನೇ ಮಾಡಿದಳು, ಬೈದಳು. "ಹುಳಕ್ಕೂ ನಿನಗೂ ಸಮಾನಾನೇನೇ? ಹುಳ ಸೂಕ್ಷ್ಮ ಕಣೇ. ನಿನಗೇನಾಗಿದೆ, ಗುಂಡುಕಲ್ಲು ಇದ್ದ ಹಾಗಿದ್ದೀಯ. ನಡಿ, ಚರಕಕ್ಕೆ ಕೂತ್ಕೋ ನಡಿ."

ಹುಡುಗಿ ಎದ್ದು ಹೋಗಿ ಕೂತಳು. ಎರಡು ದಿನ ಬಿಟ್ಟು ಮಧ್ಯಾಹ್ನ ಅವಳ ಕೈಯ ಎಳೆ ಹರಿಯಿತು. ಮತ್ತೆ ಹರಿಯಿತು. ಯಾವತ್ತೂ ತಪ್ಪದ ಬೆರಳು ತುದಿ ಸಿಗದೆ ತಡಕಾಡುವುದನ್ನು ಪಕ್ಕದವಳು ನೋಡಿ, "ಗಂಗಕ್ಕಾ, ಇಲ್ಲಿ ಬಾ" ಎಂದು ಕಿರುಚಿದಳು. ಮುಟ್ಟಿದರೆ ಹಣೆ ಒಲೆಯ ಹಾಗೆ ಸುಡುತ್ತಿತ್ತು.

ದೊಡ್ಡಗಂಗಮ್ಮನ ಗಂಡ ಮುನಿಯಲ್ಲಪ್ಪ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಮಗಳನ್ನು ಮನೆಗೆ ಕರೆದೊಯ್ದ. ಅವನು ಮಾತು ಕಡಿಮೆಯ ಮನುಷ್ಯ. ಷೆಡ್ಡಿನ ಬಾಗಿಲಲ್ಲಿ ನಿಂತು ಒಳಗಿನ ಹೊಗೆ ನೋಡಿದ, ಕಾಗದ ಮೆತ್ತಿದ ಕಿಟಕಿ ನೋಡಿದ, ಹೆಂಡತಿಯ ಮುಖ ನೋಡಿದ. ಗಾಡಿಯ ಕಡೆ ತಿರುಗಿದ. ಬೈದಿದ್ದರೂ ಚೆನ್ನಾಗಿರುತ್ತಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಮನೆಯಲ್ಲಿ ಅವಳು ಕಷಾಯ ಕುಡಿಸಿದಳು, ಪಟ್ಟಿ ಹಾಕಿದಳು, ಕುರುಡುಮಲೆಯ ಗಣಪನಿಗೆ ನೂರೊಂದು ಕಾಯಿ ಹೇಳಿಕೊಂಡಳು. ಹುಳ ಪೊರೆ ಬಿಡುವಾಗ ಮೇವು ಬಿಟ್ಟು ತಲೆ ಎತ್ತಿಕೊಂಡು ನಿಲ್ಲುವುದಕ್ಕೂ ನಮ್ಮ ಕಡೆ ಜ್ವರ ಅಂತಲೇ ಹೇಳೋದು. ಮಗಳ ಕೂದಲು ನೇವರಿಸುತ್ತ, "ಹುಳ ನಾಲ್ಕು ಜ್ವರ ದಾಟುತ್ತೆ, ನೀನು ಒಂದು ದಾಟಲ್ವೇನೇ, ನನ್ನ ಬಂಗಾರೂ" ಎಂದಳು. ಕದಿರಮ್ಮ ನಗಲು ನೋಡಿದಳು, ಕೆಮ್ಮು ಬಂತು. ಜ್ವರ ಬಂದ ಎಂಟನೇ ದಿನ ಹಗಲು ಹೊತ್ತು, "ಕಿಟಕಿ ತೆಗಿಯಮ್ಮ" ಎಂದಳು. ಮನೆಯ ಕಿಟಕಿ ತೆಗೆದೇ ಇತ್ತು. "ತೆಗ್ದಿದೀನಿ ಕಣೇ, ನೋಡೇ, ತೆಗ್ದೇ ಇದೆ" ಎಂದು ದೊಡ್ಡಗಂಗಮ್ಮ ಬಾಯಿಬಾಯಿ ಬಡಿದುಕೊಂಡಳು. ಕೇಳಿಸಿಕೊಳ್ಳಲು ಹುಡುಗಿ ಇರಲಿಲ್ಲ.

ಆ ಷೆಡ್ಡಿನಿಂದ ಇಪ್ಪತ್ತಾರು ಜನ ಜ್ವರ ಹಿಡಿದು ಮಲಗಿದರು. ಸತ್ತವರು ಮೂವರು, ಕದಿರಮ್ಮ, ವೆಂಕಟರತ್ನಮ್ಮ, ಮತ್ತೆ ಹಾಲು ಕುಡಿಯುವ ಕೂಸನ್ನು ಬಿಟ್ಟುಹೋದ ಇನ್ನೊಬ್ಬಳು.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ದೊಡ್ಡಗಂಗಮ್ಮ ಮಗಳ ಗಂಜಿಯ ತಂಬಿಗೆ ತರೋಣವೆಂದು ಷೆಡ್ಡಿಗೆ ಹೋದಳು. ಅಲ್ಲಿ ಇನ್‌ಸ್ಪೆಕ್ಟರು ಕೋಲಾರದಿಂದ ದೊಡ್ಡ ಡಾಕ್ಟರನ್ನು ಕರೆದುಕೊಂಡು ಬಂದಿದ್ದರು. ಡಾಕ್ಟರು ಕೋಲಿನಿಂದ ಕಿಟಕಿಯ ಕಾಗದ ಕುಟ್ಟುತ್ತಾ, "ಇದನ್ನ ಮುಚ್ಚಿಸಿದ್ದು ಯಾರು?" ಎಂದರು. ಶ್ರೀರಾಮಪ್ಪ ತಟ್ಟನೆ ಕೈ ತೋರಿಸಿದ. "ಇವಳೇ ಬುದ್ಧಿ. ನಾನು ಬೇಡ ಬೇಡ ಅಂದೆ. ತಾನೇ ಎಲ್ಲಾ ಬಲ್ಲೆ ಅಂತ ಹಟ ಹಿಡಿದು ಮುಚ್ಚಿದ್ಲು."

ಥೂ, ಅವನ ಬಾಯಿಗೆ ಮಣ್ಣು ಹಾಕ! ಮೂವತ್ತು ಜನ ಸಾಕ್ಷಿ ಇದ್ದರು. ಒಬ್ಬಳೂ ಬಾಯಿ ಬಿಡಲಿಲ್ಲ. ಎಲ್ಲರ ಮನೆಯ ಒಲೆಯೂ ಆ ಚರಕದ ಮೇಲೆ ಉರಿಯಬೇಕಲ್ಲ. ಇನ್‌ಸ್ಪೆಕ್ಟರು ಮಾತ್ರ, "ಅಮ್ಮಾ, ನಿಜ ಹೇಳಿ, ಇವರೇ ಅಲ್ವಾ ಮುಚ್ಚಿಸಿದ್ದು?" ಎಂದು ಮೆಲ್ಲಗೆ ಕೇಳಿದರು.

ಹೌದು ಅಂದಿದ್ದರೆ ಅರ್ಧ ಭಾರ ಇಳಿಯುತ್ತಿತ್ತೇನೋ. ಅವಳು ಶ್ರೀರಾಮಪ್ಪನ ಕಡೆ ತಿರುಗಿಯೂ ನೋಡಲಿಲ್ಲ. "ನಾನೇ ಮುಚ್ಚಿದ್ದು ಸ್ವಾಮಿ. ನಿಮ್ಮ ಕಾಗದಾನೂ ಅಲ್ಲೇ ಇದೆ, ಆ ಮೊದಲನೇ ಕಿಟಕೀಲಿ" ಎಂದಳು.

ಆಳುಗಳು ಬಂದು ಸಗಣಿ ಕೆತ್ತಿದರು, ಕಾಗದ ಹರಿದರು. ಆರು ಕಿಟಕಿಯೂ ತೆರೆದವು. ತೋಪಿನ ಗಾಳಿ ಮಾವಿನ ಹೂವಿನ ವಾಸನೆ ಹೊತ್ತುಕೊಂಡು ಒಳಗೆ ಬಂತು. ಉಳಿದ ಹೆಂಗಸರು ಚರಕಕ್ಕೆ ಕೂತರು. ದೊಡ್ಡಗಂಗಮ್ಮ ಏಳನೇ ಚರಕದ ಪಕ್ಕ ನಿಂತು ನೋಡಿದಳು. ಅಲ್ಲಿ ಆಗಲೇ ಯಾರೋ ಹೊಸಬಳನ್ನು ಕೂರಿಸಿದ್ದರು. ಕೈ ಪಳಗದ ಹೆಣ್ಣು. ಅವಳ ಕೈಯಲ್ಲೂ ಎಳೆ ಹರಿಯಲಿಲ್ಲ. ಅಷ್ಟು ಗಾಳಿ ಬೀಸುತ್ತಿದ್ದರೂ ಹರಿಯಲಿಲ್ಲ. ದೊಡ್ಡಗಂಗಮ್ಮ ತಂಬಿಗೆ ತೆಗೆದುಕೊಂಡು ಮನೆಗೆ ನಡೆದಳು, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮಗಳು ಸತ್ತರೂ ಹೊಟ್ಟೆ ಕೇಳುತ್ತದೆಯೇ? ಯುಗಾದಿ ಆದ ಮೇಲೆ ಮುನಿಯಲ್ಲಪ್ಪ ಹೊಸ ಬೆಳೆಗೆ ಮೊಟ್ಟೆ ಗೊತ್ತುಮಾಡಿ ಬಂದ. ಹುಳದ ಮನೆ ಗುಡಿಸಿ ಸುಣ್ಣ ಬಳಿದರು. ಕಿಟಕಿಗೆ ಕಾಗದವನ್ನು ಅವನೇ ಅಂಟಿಸಿದ, ಅವಳನ್ನು ಕೇಳಲಿಲ್ಲ. ಕೆಂಡದ ಮಡಕೆ ಒಳಗಿಟ್ಟು, ಗಂಧಕದ ಪೊಟ್ಟಣ ಕೈಯಲ್ಲಿ ಹಿಡಿದು ಹೊಸಿಲ ಹತ್ತಿರ ನಿಂತ.

"ಕೂಗಮ್ಮೀ" ಎಂದ.

ದೊಡ್ಡಗಂಗಮ್ಮ ಹೊಸಿಲ ಪಕ್ಕ ಬಂದು ನಿಂತಳು. ಅವನು ಕಾದ.

"ಹಲ್ಲಿ, ಇಲಿ, ಗುಬ್ಬಿ" ಎಂದು ಕೊನೆಗೂ ಕೂಗಿದಳು, "ಒಳಗೆ ಯಾರಿದ್ರೂ ಹೊರಗೆ ಬನ್ರಪ್ಪೋ, ಹೊಗೆ ಹಾಕ್ತೀವಿ." ಎರಡನೇ ಸಲ ಕೂಗಿದಳು. ಮೂರನೇ ಸಲ ಕೂಗುವಾಗ ತೊಲೆಯ ಸಂದಿನಿಂದ ಒಂದು ಹಲ್ಲಿ ಇಳಿದು ಗೋಡೆಯಗುಂಟ ಸರಸರ ಹರಿದು, ಅವಳ ಕಾಲ ಪಕ್ಕದಲ್ಲೇ ಹೊಸಿಲು ದಾಟಿ ಅಂಗಳದ ಬಿಸಿಲಿಗೆ ಬಂತು. ಮುನಿಯಲ್ಲಪ್ಪ ಒಳಗೆ ಬಗ್ಗಿ ಗಂಧಕ ಸುರಿದು ಬಾಗಿಲು ಎಳೆದ.

ದೊಡ್ಡಗಂಗಮ್ಮ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಆ ಹಲ್ಲಿಯನ್ನೇ ನೋಡಿದಳು.

"ನಿನ್ನ ಮೂರು ಸಲ ಕೂಗಿದೆ ಕಣೇ" ಎಂದಳು. "ಅವಳನ್ನ ಒಂದು ಸಲಾನೂ ಕೂಗಲಿಲ್ಲ."