ದೋಣಿಯ ಮೇಲೆ ಆಡಬಾರದ ಪದ

೧

ಒಂದಾನೊಂದು ಬಂದರಿನಲ್ಲಿ, ಒಂದೇ ಬೆನ್ನಿಗೆ ಎರಡು ಹೊಟ್ಟೆಯಿದ್ದ ದೋಣಿಯೊಂದಿತ್ತಂತೆ.

ಹೀಗೆ ಶುರು ಮಾಡಲೇ? ಅಜ್ಜಿಯಾದರೆ ಹೀಗೇ ಮಾಡುತ್ತಿದ್ದಳು. ಆದರೆ ಬಂದರು ಫ್ರೆಂಚ್ ಕರಾವಳಿಯ ಲಾ ರೋಶೆಲ್, ದೋಣಿ ಎನೋರಾಳ ಕಟಮರಾನ್, ಅದರ ಹೊಸ ಹಾಯಿ ಹೊಲಿದವಳು ನಾನೇ. ಹಾಗಾಗಿ ಆ 'ಅಂತೆ' ಸುಳ್ಳು. (ಇರಲಿ, ಹೊಡೆದುಹಾಕುವುದಿಲ್ಲ. ಮುಂದೆ ಅದರ ಹಿಂದೆ ಅಡಗಿಕೊಳ್ಳಬೇಕಾದೀತು.)

೨

ಮೊದಲ ಡ್ರಾಫ್ಟ್ ಹರಿದೆ. ಅದನ್ನು ಅನ್ಸೆಲ್ಮ್ ಮಾಮನಿಗೆ ಓದಿ ಹೇಳಿದ್ದೆ. ದೋಣಿಗಳಿಗೆ ಹಾಯಿಕಂಬ ನಿಲ್ಲಿಸುವುದು ಅವನ ನಲವತ್ತು ವರ್ಷದ ಕಸುಬು. ಮೂರನೇ ಸಾಲಿಗೇ ಕಿವಿ ಮುಚ್ಚಿಕೊಂಡ.

"ಏ ಹುಡುಗಿ! ಆ ಪದ ದೋಣಿ ಮೇಲೆ ಆಡಬಾರ್ದು ಅಂತ ನಿಮ್ಮಜ್ಜಿ ಹೇಳ್ಕೊಡ್ಲಿಲ್ವಾ?"

"ಇದು ದೋಣಿ ಅಲ್ಲ ಮಾಮ, ಕಾಗದ."

"ಕಾಗದಾನೂ ತೇಲತ್ತೆ."

(ಯಾವ ಪದ ಅಂತೀರಾ? ಬಾವಿಗೆ ಕೊಡ ಇಳಿಸುವಾಗ ಕೈಯಲ್ಲಿ ಹಿಡಿದಿರುತ್ತೀರಲ್ಲ, ಅದು. ದೋಣಿಯ ತುಂಬ ಇರುವುದು ಅದೇ. ಆದರೆ ಅದರ ಹೆಸರೆತ್ತಿದರೆ ಅಪಶಕುನವೆಂದು ಇಲ್ಲಿಯ ನಾವಿಕರು ಒಂದೊಂದಕ್ಕೂ ಬೇರೆ ಹೆಸರಿಟ್ಟು ಪಾರಾಗುತ್ತಾರೆ. ಕನ್ನಡದಲ್ಲಿ ನಾನು 'ಕಣ್ಣಿ' ಎಂದರೆ ನಿಮಗೆ ಎಮ್ಮೆ ನೆನಪಾಗುತ್ತದೆ.)

೩

ಎನೋರಾ ಬಂದು ಎದುರು ಕೂತಳು. (ಪಾತ್ರಗಳೇ ಹೀಗೆ, ಕರೆಯದೆ ಬರುತ್ತವೆ.)

"ನಾನ್ಯಾಕೆ ಹಾಯಿ ಬದಲಾಯಿಸ್ದೆ ಅಂತ ಬರ್ದಿದೀಯಾ?"

"ವೇಗಕ್ಕೆ."

"ಸುಳ್ಳುಬುರುಕಿ! ನಿಜ ಬರಿ."

ಬರೆಯುತ್ತೇನೆ. ಎರಡು ವರ್ಷದ ಹಿಂದೆ ರೇ ದ್ವೀಪದಾಚೆ ಅವಳ ಗಂಡ ಜಿಲ್ಡಾ ನೀರಿಗೆ ಬಿದ್ದ. ಎಂಜಿನ್ ಕೆಟ್ಟಿತ್ತು. ಹಳೆಯ ಹಾಯಿ ಜೋತುಬಿದ್ದ ಹೊಟ್ಟೆಯಂತಿತ್ತು. ಅವನಿದ್ದ ಕಡೆಗೆ, ಗಾಳಿಗೆ ಎದುರಾಗಿ ತಿರುಗಿಸಿದಷ್ಟೂ ದೋಣಿ ಪಕ್ಕಕ್ಕೆ ಜಾರಿತು. ಅವನು ಕೈಯೆತ್ತಿ ಆ ಪದವನ್ನೇ ಕೂಗುತ್ತಿದ್ದ. ಇವಳು ಎಸೆದದ್ದು ಅವನಿಗೆ ಎಟುಕಲಿಲ್ಲ.

ಅದಕ್ಕೇ ಈ ಚಪ್ಪಟೆಯಾದ, ತಲೆ ಅಗಲವಾದ ಹಾಯಿ. ಅದಕ್ಕೇ ಕಂಬ ಹಿಡಿದಿದ್ದ ಸಡಿಲ ಉಕ್ಕಿನ ತಂತಿಗಳ ಬದಲು ಹಗುರಾದ, ಹೆಣೆದ, ಬಿಗಿಯಾದ... (ನೋಡಿ, ಮತ್ತೆ ನಾಲಿಗೆಯ ತುದಿಗೆ ಬಂತು.)

"ಈಗ ಗಾಳಿಗೆ ಎಷ್ಟು ಎದುರಾಗಿ ಹೋಗತ್ತೆ ಮಾಮ?" ಎಂದು ಎನೋರಾ ಪಕ್ಕದಲ್ಲೇ ಇದ್ದ ಅನ್ಸೆಲ್ಮ್ ಮಾಮನನ್ನು ಕೇಳಿದಳು.

"ಮೊದ್ಲಿಗಿಂತ ಹದಿನೈದು ಡಿಗ್ರಿ ಗಾಳಿಗೆ ಹತ್ರವಾಗಿ. ಆದ್ರೆ ಅವ್ನು ಬಿದ್ದ ಜಾಗದಲ್ಲಿ ಈಗ ಯಾರೂ ಇಲ್ಲ ಕಣಮ್ಮ."

"ಕೂಗು ಇದೆ."

೪

ಮುಕ್ತಾಯ ಒಂದು: ಗಾಳಿ ಬಿದ್ದುಹೋಗುತ್ತದೆ, ಅರ್ಧ ದಾರಿಯಿಂದ ಮರಳಿ ಬಂದು ಮೂವರೂ ನಿಂಬೆ ಹಿಂಡಿಕೊಂಡು ಚಿಪ್ಪಿನೊಳಗಿನ ಸಿಂಪಿ ತಿನ್ನುತ್ತೇವೆ. (ಎನೋರಾ ಹೊಡೆದುಹಾಕಿದಳು.)

ಮುಕ್ತಾಯ ಎರಡು: ದೋಣಿ ಮಾತ್ರ ಮರಳುತ್ತದೆ. (ಇದನ್ನು ನಾನು ಹೊಡೆದುಹಾಕಿದೆ.)

"ಕೂತ್ಕೊಂಡು ಏನ್ ಬರೀತೀಯಾ? ನೀನೂ ಬಾ," ಎಂದಳು ಎನೋರಾ.

೫

ಮಧ್ಯಾಹ್ನ. ದಟ್ಟ ಮಂಜು. ಮಾಮ ಹಾಯಿ ಬಿಗಿದ. ದೋಣಿ ಜಾರಲಿಲ್ಲ, ಗಾಳಿಯ ಮುಖಕ್ಕೇ ನಡೆಯಿತು. ಎರಡು ಒಡಲುಗಳ ನಡುವೆ ನೀರು ಯಾರೋ ಉಸಿರೆಳೆದುಕೊಂಡಂತೆ ಸದ್ದು ಮಾಡುತ್ತಿತ್ತು.

ಆ ಜಾಗ ಬಂದಾಗ ಎನೋರಾಳಿಗೆ ಕೂಗು ಕೇಳಿಸಿತಂತೆ. (ಅಡಗಿಕೊಳ್ಳಲು ಇಟ್ಟುಕೊಂಡಿದ್ದ 'ಅಂತೆ' ಇದೇ. ನನಗೂ ಕೇಳಿಸಿತು.)

ಅವಳು ಎಸೆದಳು. ಸುರುಳಿ ಬಿಚ್ಚಿಕೊಳ್ಳುತ್ತ ಮಂಜಿನೊಳಗೆ ಹೋಯಿತು. ನೀರಿಗೆ ಬಿದ್ದ ಸದ್ದು ಬರಲಿಲ್ಲ.

ಅನ್ಸೆಲ್ಮ್ ಮಾಮ ಟೋಪಿ ತೆಗೆದ. ನನ್ನ ಕಡೆ ನೋಡದೆ, "ಈಗ ಆ ಪದ ಬರಿ," ಎಂದ.

ಆಚೆ ತುದಿಯಲ್ಲಿ ಯಾರಿದ್ದರು ಎಂದು ಕೇಳಬೇಡಿ, ಬರೆಯುವುದಿಲ್ಲ. ಎರಡು ವರ್ಷದಿಂದ ಜಿಲ್ಡಾ ಕೇಳುತ್ತಿದ್ದದ್ದನ್ನು ಕೊಟ್ಟಾಯಿತು. ಅವಳ ಕೈಯಲ್ಲಿ ಹಗ್ಗ ಬಿಗಿಯಾಯಿತು.